ಹತ್ತು ಗಂಟೆಯ ಮರುದನಿ

ನಮ್ಮ ಊರಿನ ಪತ್ರಿಕೆ 'ದಂಡೆವಾರ್ತೆ'ಯ ಮೂರನೆಯ ಪುಟದಲ್ಲಿ, ಎಡಗಡೆ ಮೇಲೆ, 'ಇಂದಿನ ಮರುದನಿ' ಎಂಬ ಅಂಕಣ ಬರುತ್ತದೆ. ನನ್ನ ತಂದೆ ಸಂಪಾದಕರಾಗಿದ್ದಾಗಲೂ ಬರುತ್ತಿತ್ತು. ನಾನು ಆ ಕುರ್ಚಿಯಲ್ಲಿ ಕೂತ ಮೇಲೂ ಒಂದು ದಿನ ತಪ್ಪಿಲ್ಲ. ಹೊಳೆಯ ತಿರುವಿನಲ್ಲಿರುವ ಗೋಡೆಗಲ್ಲು ಎಂಬ ಬಂಡೆಯ ಎದುರು ಗಟ್ಟಿಯಾಗಿ ಆಡಿದ್ದು ಮೂರು ವರ್ಷ ಕಳೆದು, ಅದೇ ತಾರೀಖು ಅದೇ ಹೊತ್ತಿಗೆ ಮರಳುತ್ತದೆ. ಹೋದದ್ದಕ್ಕಿಂತ ತುಸು ಜೋರಾಗಿಯೇ ಮರಳುತ್ತದೆ.

ಊರು ಇದಕ್ಕೆ ಹೊಂದಿಕೊಂಡಿದೆ. ಬಂಡೆಯ ಬುಡದಲ್ಲೇ ಸಂತೆ ಕೂಡುವುದರಿಂದ ಬದನೆಕಾಯಿ ಮಾರುವವಳ ಹಳೆಯ ದರ ಗಾಳಿಯಲ್ಲಿ ಬರುತ್ತದೆ, ಕೊಳ್ಳುವವರು ಆ ದರಕ್ಕೇ ಕೊಡು ಎಂದು ಹಟ ಹಿಡಿಯುತ್ತಾರೆ. ಗಂಡ ಹೆಂಡತಿ ಜಗಳವಾಡಬೇಕಾದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ತೀರಿಹೋದವರ ದನಿ ಬರುವ ದಿನ ಮನೆಯವರು ಬುತ್ತಿ ಕಟ್ಟಿಕೊಂಡು ಬಂದು, ಬಂಡೆಯ ನೆರಳಿನಲ್ಲಿ ಕೂತು ಕೇಳಿ, ಊಟ ಮುಗಿಸಿ ಹೋಗುತ್ತಾರೆ. ಯಾವ ದಿನ ಯಾರ ದನಿ ಎಂಬುದನ್ನು ಮೂರು ವರ್ಷದ ಹಿಂದಿನ ಸಂಚಿಕೆ ನೋಡಿ ಬರೆಯುವುದು ನಮ್ಮ ಕೆಲಸ. ಹೊತ್ತು, ಜಾಗ, ಆಡಿದವರ ಹೆಸರು. ಬೇರೆ ಏನೂ ಬರೆಯುವುದಿಲ್ಲ.

ನಾನು ಹೇಳುತ್ತಿರುವ ವರ್ಷ ಹೊಳೆಯ ಈಚೆಗಿನ ನಮ್ಮ ಮೇಲ್ದಂಡೆ ಮತ್ತು ಆಚೆಗಿನ ಕೆಳದಂಡೆಯವರ ನಡುವಿನ ಯುದ್ಧ ಮರಳಿ ಬರುತ್ತಿತ್ತು. ಯುದ್ಧ ಮುಗಿದು ಒಪ್ಪಂದವಾಗಿತ್ತು, ಸುಟ್ಟ ಮನೆಗಳಿಗೆ ಹೊಸ ಹಂಚು ಹೊದಿಸಿಯಾಗಿತ್ತು. ಆದರೆ ಬಂಡೆಗೆ ಅದೆಲ್ಲ ಗೊತ್ತಿರಲಿಲ್ಲ. ಶಾಲೆಯ ಹೊತ್ತಿನಲ್ಲಿ ಗುಂಡಿನ ಸದ್ದು ಬರುವುದಿದ್ದರೆ ಮೇಷ್ಟರು ನಮ್ಮ ಅಂಕಣ ನೋಡಿ ಮೊದಲೇ ಕಿಟಕಿ ಮುಚ್ಚಿಸಿ ಮಗ್ಗಿ ಹೇಳಿಸುತ್ತಿದ್ದರು. ನಾಯಿಗಳಿಗೆ ಮಾತ್ರ ಓದಲು ಬಾರದ್ದರಿಂದ ಅವು ದಿನವೂ ಹೆದರುತ್ತಿದ್ದವು.

ಹೀಗೆ ಮರಳಬೇಕಾಗಿದ್ದರಲ್ಲಿ ಒಂದು ಕೂಗಿನ ಮೇಲೆ ಲಗಮಣ್ಣ ಎಂಬವನ ಜೀವ ನಿಂತಿತ್ತು.

ಯುದ್ಧದ ಕೊನೆಯ ವಾರ ಕೆಳದಂಡೆಯ ಜನ ಬಿಳಿ ಬಟ್ಟೆ ಕಟ್ಟಿದ ಎರಡು ದೋಣಿಗಳಲ್ಲಿ, ತಾವು ಬಿಟ್ಟುಹೋಗಿದ್ದ ಜೋಳ ಒಯ್ಯಲು ಬಂದಿದ್ದರು. ಗೋಡೆಗಲ್ಲಿನ ಕೆಳಗೆ ನಿಂತಿದ್ದ ಮೇಲ್ದಂಡೆಯ ಬಂದೂಕಿನವರು ಗುಂಡು ಹಾರಿಸಿದರು. ಹನ್ನೊಂದು ಜನ ಸತ್ತರು, ಅದರಲ್ಲಿ ಏಳು ಹೆಂಗಸರು. ಅಂದಿನ ವರದಿ ನಾನೇ ಬರೆದದ್ದು: "ಬೆಳಿಗ್ಗೆ ಹತ್ತು ಗಂಟೆಗೆ ಘಟನೆ ನಡೆದಿದೆ. ಗುಂಡು ಹಾರಿಸಲು ಯಾರು ಹೇಳಿದರೆಂಬುದು ತಿಳಿದುಬಂದಿಲ್ಲ." ಆ ತುಕಡಿಯಲ್ಲಿದ್ದವರು ಮುಂದಿನ ಎರಡು ದಿನಗಳ ಕಾಳಗದಲ್ಲಿ ತೀರಿಕೊಂಡರು. ಉಳಿದವನು ಹವಾಲ್ದಾರ ಲಗಮಣ್ಣ ಒಬ್ಬನೇ. ಒಪ್ಪಂದದ ಮಾತುಕತೆಯಲ್ಲಿ ಕೆಳದಂಡೆಯವರು ಅಪರಾಧಿಯನ್ನು ಕೇಳಿದರು, ಮೇಲ್ದಂಡೆಯವರು ಅವನನ್ನು ಕೊಟ್ಟರು. ಆದೇಶ ಕೊಟ್ಟವನು ನಾನಲ್ಲ, ನಾನು ಬೇಡವೆಂದೆ ಎಂದು ಅವನು ಹೇಳಿದ. ಮತ್ತೆ ಯಾರು ಎಂದು ಕೇಳಿದಾಗ ತನಗಿಂತ ದೊಡ್ಡವರು ಎಂದಷ್ಟೇ ಹೇಳಿದ. ಮೇಲ್ದಂಡೆಯಲ್ಲೇ ಇದ್ದ ಹೆಂಡತಿ ಮತ್ತು ಎರಡು ಮಕ್ಕಳ ಯೋಚನೆ ಅವನಿಗಿತ್ತು.

ಗಲ್ಲು ಎಂದು ತೀರ್ಪಾಯಿತು. ಆದರೆ ಗೋಡೆಗಲ್ಲಿನೆದುರು ಆಡಿದ ಮಾತಿಗೆ ಶಿಕ್ಷೆ ಕೊಡುವುದಾದರೆ ಅದರ ಮರುದನಿ ಬರುವವರೆಗೆ ಕಾಯಬೇಕೆಂಬುದು ನಮ್ಮಲ್ಲಿಯ ಹಳೆಯ ಕಾನೂನು. ಎರಡೂ ದಂಡೆಯವರು ಒಟ್ಟಿಗೆ ನಿಂತು ಕೇಳಿ, ಇಂಥವರ ದನಿ ಎಂದು ಒಪ್ಪಿದರೆ ಅದು ಸಾಕ್ಷಿ. ಒಂದೇ ದಂಡೆಯವರು ಕೇಳಿದರೆ ಸಾಲದು. ಕೆಳದಂಡೆಯ ಹಿರಿಯರು, ತಮ್ಮವರು ಸತ್ತ ಜಾಗಕ್ಕೆ ಕಾಲಿಡುವುದಿಲ್ಲ ಎಂದು ಕೋರ್ಟಿಗೆ ಬರೆದುಕೊಟ್ಟಿದ್ದರು. ಅವರು ಬಾರದಿದ್ದರೆ ಮರುದನಿಯ ಮರುದಿನ ಲಗಮಣ್ಣನನ್ನು ಗಲ್ಲಿಗೇರಿಸುವುದೆಂದು ನಿಗದಿಯಾಗಿತ್ತು.

ಆ ದಿನಕ್ಕೆ ಮೂರು ವಾರ ಇರುವಾಗ ಅಧ್ಯಕ್ಷ ಅಪ್ಪಾಸಾಹೇಬ ಸರನಾಡಗೌಡರ ಮೊದಲ ಪತ್ರ ಬಂತು. ಯುದ್ಧದಲ್ಲಿ ಅವರು ಮೇಲ್ದಂಡೆಯ ನಾಯಕರು. ಆಮೇಲೆ ಎರಡೂ ದಂಡೆಯ ಮತ ಪಡೆದು ಊರಿನ ಅಧ್ಯಕ್ಷರಾದವರು. ಒಪ್ಪಂದ ಅವರ ದುಡಿಮೆಯ ಫಲ ಎಂಬುದು ನಿಜ, ಹಾಗೆಂದು ನಾನೇ ಸಂಪಾದಕೀಯ ಬರೆದಿದ್ದೆ. ನನ್ನ ತಂದೆಯ ಗೆಳೆಯರಾದ್ದರಿಂದ ಅವರ ಪತ್ರಗಳು "ಮಾನ್ಯ ಸಂಪಾದಕರಿಗೆ" ಎಂದು ಶುರುವಾಗಿ ಎರಡನೆಯ ಸಾಲಿಗೇ "ತಂಗೀ ಇಂದುಮತಿ"ಗೆ ಇಳಿಯುತ್ತಿದ್ದವು.

"ದೋಣಿ ಘಟನೆಯ ದಿನ ಮರುದನಿ ಅಂಕಣ ಬಿಟ್ಟುಬಿಡು," ಎಂದು ಬರೆದಿದ್ದರು. "ಗಾಯ ಈಗಷ್ಟೇ ಮುಚ್ಚುತ್ತಿದೆ. ಆ ಹೊತ್ತಿಗೆ ಅಲ್ಲಿ ಜನ ಸೇರಿದರೆ ಮತ್ತೆ ಕೈಗೆ ಕೈ ಹತ್ತುತ್ತದೆ. ಹನ್ನೊಂದು ಜೀವದ ಲೆಕ್ಕಕ್ಕೆ ನೂರು ಜೀವ ಹೋಗುವುದು ನಿನಗೆ ಬೇಕೇ?"

ಈ ಮಾತಿನಲ್ಲಿ ತೂಕವಿತ್ತು. ಒಂದು ದಿನ ಪೂರ್ತಿ ಯೋಚಿಸಿ, ಅಂಕಣ ಯುದ್ಧದ ದಿನಗಳಲ್ಲೂ ನಿಂತಿಲ್ಲ, ಈಗ ನಿಲ್ಲಿಸಲು ಕಾರಣ ಕಾಣುತ್ತಿಲ್ಲ ಎಂದು ಉತ್ತರಿಸಿದೆ.

ಎರಡನೆಯ ಪತ್ರ ಮರುದಿನವೇ ಬಂತು. ಅಂಕಣ ಬರುವುದೇ ಆದರೆ ಆಡಿದವರ ಹೆಸರಿನ ಜಾಗದಲ್ಲಿ ಹವಾಲ್ದಾರ ಲಗಮಣ್ಣ ಎಂದು ಹಾಕಬೇಕು, ಕೋರ್ಟು ತೀರ್ಮಾನಿಸಿದ್ದನ್ನು ಪತ್ರಿಕೆ ಒಪ್ಪದಿರುವುದು ಸರಿಯಲ್ಲ ಎಂದಿದ್ದರು. ನಾನು ಬರೆದೆ: "ಅಂದು ವರದಿಯಲ್ಲಿ ಇಲ್ಲದ ಹೆಸರನ್ನು ಇಂದು ಹಾಕಲಾರೆ. ಮರುದನಿ ಕೇಳಿದ ಮೇಲೆ, ಯಾರದೆಂದು ತಿಳಿದರೆ, ಖಂಡಿತ ಹಾಕುತ್ತೇನೆ. ವರದಿ ಪೂರ್ತಿಯಾಗಲು ಒಂದು ವಿಷಯ ಬೇಕಿದೆ. ಆ ಬೆಳಿಗ್ಗೆ ಹತ್ತು ಗಂಟೆಗೆ ತಾವು ಎಲ್ಲಿದ್ದಿರಿ?"

ಇದಕ್ಕೆ ಬಂದ ಉತ್ತರ ಎರಡು ಪುಟದ್ದು. ನನ್ನ ತಂದೆ ಎಂಥ ದೊಡ್ಡ ಮನುಷ್ಯರು, ತಮ್ಮ ಮನೆಗೆ ಬಂದರೆ ಅವಲಕ್ಕಿ ತಿನ್ನದೆ ಹೋಗುತ್ತಿರಲಿಲ್ಲ, ಹಿರಿಯರ ಮಾತಿಗೆ ಹೇಗೆ ಬೆಲೆ ಕೊಡುತ್ತಿದ್ದರು ಎಂಬುದೆಲ್ಲ ಅದರಲ್ಲಿತ್ತು. ಹತ್ತು ಗಂಟೆಗೆ ಎಲ್ಲಿದ್ದರೆಂಬುದು ಇರಲಿಲ್ಲ.

ಅದೇ ದಿನ ಲಗಮಣ್ಣನ ಹೆಂಡತಿ ಬಾಳವ್ವ ಕಚೇರಿಗೆ ಬಂದಳು. ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸು. ಕೂರು ಎಂದರೂ ಕೂರಲಿಲ್ಲ. ಸೀರೆಗೆ ಕೆಂಪು ಧೂಳು ಹತ್ತಿದೆ, ಕುರ್ಚಿ ಹೊಲಸಾಗುತ್ತದೆ ಎಂದಳು. ಅಂಕಣದಲ್ಲಿ ಆ ದಿನದ ಕೂಗು ಬರುತ್ತದೋ ಇಲ್ಲವೋ ಎಂದು ಕೇಳಲು ಬಂದಿದ್ದಳು. ಬರುತ್ತದೆ ಎಂದೆ. ಆದರೆ ಕೆಳದಂಡೆಯವರು ಬರುವುದಿಲ್ಲವಲ್ಲ, ಅದರಿಂದ ಏನಾದೀತು ಎಂದೂ ಹೇಳಿದೆ. ಆಮೇಲೆ ನಾನು ಕೇಳಬೇಕಾದ ಪ್ರಶ್ನೆ ಕೇಳಿದೆ.

"ನಿನ್ನ ಗಂಡನದೇ ದನಿ ಬಂದರೆ?"

"ಬಂದ್ರ ನಾನೂ ಕೇಳ್ತೀನ್ರಿ ಅಕ್ಕಾರ," ಎಂದಳು. "ಹೊಡೀರಿ ಅಂದಾಂವ ಅವನ ಆಗಿದ್ರ, ನಾ ಅಳೂದಿಲ್ಲ. ಅಲ್ಲದ ಇದ್ರ ಊರ ಕೇಳ್ಲಿ. ನಂಗ ಬ್ಯಾರೆ ಏನೂ ಬ್ಯಾಡ."

ಮರುವಾರ ಅಧ್ಯಕ್ಷರ ಕಚೇರಿಯಿಂದ ಮೊದಲ ಪುಟಕ್ಕೆಂದು ಪ್ರಕಟಣೆ ಬಂತು. ದೋಣಿ ಘಟನೆಯ ದಿನವೇ, ಗೋಡೆಗಲ್ಲಿನ ಬುಡದಲ್ಲೇ, 'ಐಕ್ಯೋತ್ಸವ'. ಬೆಳಿಗ್ಗೆ ಒಂಬತ್ತಕ್ಕೆ ಭಾಷಣಗಳು, ಹತ್ತಕ್ಕೆ ವಾದ್ಯ. ಮೇಲ್ದಂಡೆಯಿಂದ ದಸ್ತಗೀರಸಾಬರ ಬ್ಯಾಂಡು, ಕೆಳದಂಡೆಯಿಂದ ಮಾಳಪ್ಪನ ಡೊಳ್ಳಿನ ಮೇಳ. ಎಲ್ಲರಿಗೂ ಊಟ.

ಅಪ್ಪಾಸಾಹೇಬರ ಲೆಕ್ಕ ನನಗೆ ಆಗಲೇ ತಿಳಿಯಿತು. ಬಂಡೆಯ ದನಿ ಮುಚ್ಚಿಹೋಗಬೇಕಾದರೆ ಒಂದು ಬ್ಯಾಂಡು ಸಾಲದು. ಡೊಳ್ಳು ಬೇಕು, ಡೊಳ್ಳಿನವರೆಲ್ಲ ಇರುವುದು ಕೆಳದಂಡೆಯಲ್ಲಿ. ಮಾಳಪ್ಪನ ತಮ್ಮ ಆ ದೋಣಿಗಳಲ್ಲೇ ಒಂದರಲ್ಲಿ ಸತ್ತವನು. ಆದರೂ ಅಧ್ಯಕ್ಷರು ತಾವೇ ಹೊಳೆ ದಾಟಿ ಹೋಗಿ, ಸತ್ತವರ ಹೆಸರಿನಲ್ಲಿ ಬಾರಿಸಿರಿ ಎಂದು ಕೈಮುಗಿದು ಒಪ್ಪಿಸಿದ್ದರು. ಡೊಳ್ಳಿನವರು ಬರುತ್ತಾರೆಂದ ಮೇಲೆ ಅವರ ಮನೆಯವರೂ ಬರುತ್ತಾರೆ, ಊಟವಿದೆ ಎಂದ ಮೇಲೆ ಹಿರಿಯರೂ ಬರುತ್ತಾರೆ. ಕೋರ್ಟಿನ ಕರೆಗೆ ಬಾರದವರನ್ನು ಅವರೇ ಖುದ್ದಾಗಿ ಕರೆತರುತ್ತಿದ್ದರು. ಸದ್ದಿನ ಯೋಚನೆಯಲ್ಲಿ ಅವರಿಗೆ ಕಿವಿಗಳ ಯೋಚನೆ ಬಂದಿರಲಿಲ್ಲ.

ನಾನು ಆ ಪ್ರಕಟಣೆಯನ್ನು ಒಂದಕ್ಷರ ಬಿಡದೆ, ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಹಾಕಿದೆ. ಕೆಳದಂಡೆಗೆ ಹೋಗುವ ಪ್ರತಿಗಳನ್ನು ಅಂದು ಎರಡು ಪಟ್ಟು ಅಚ್ಚು ಹಾಕಿಸಿದೆ. ಸಂಜೆಗೆ ಅಪ್ಪಾಸಾಹೇಬರ ಧನ್ಯವಾದದ ಪತ್ರ ಬಂತು: "ತಂದೆಗೆ ತಕ್ಕ ಮಗಳು."

ಉಳಿದದ್ದು ಹತ್ತು ಗಂಟೆಯ ವಾದ್ಯ. ಬಾರಿಸಬೇಡಿ ಎಂದು ಯಾರಿಗೂ ಹೇಳುವುದು ಪತ್ರಿಕೆಯ ಕೆಲಸವಲ್ಲ. ಕೇಳುವುದು ನಮ್ಮ ಕೆಲಸ. ದಸ್ತಗೀರಸಾಬರ ಮನೆಗೆ ಹೋಗಿ ಹತ್ತು ಗಂಟೆಗೆ ಯಾವ ಹಾಡು ಎಂದು ಕೇಳಿದೆ. ಅವರು ಕ್ಲಾರಿಯೊನೆಟ್ಟಿನ ಪೀಪಿಯನ್ನು ತುಟಿಯಲ್ಲಿ ತೇವ ಮಾಡುತ್ತ ಕೂತಿದ್ದರು.

"ಜೋರಾಗಿ ಊದ್ರಿ, ನಡಕ ನಿಲ್ಲಸಬ್ಯಾಡ್ರಿ ಅಂತ ಹೇಳ್ಯಾರ. ಹಾಡ ಯಾವ್ದಂತ ಹೇಳಿಲ್ಲ," ಎಂದರು. "ಮದವಿ ಮನ್ಯಾಗ ಊದೀನಿ, ಹೆಣದ ಮುಂದ ಊದೀನಿ. ಹಾಡ ಹೇಳದ ಬರೇ ಸಪ್ಪಳ ಕೇಳಿದವ್ರು ಇವರ ಮೊದಲ ನೋಡ್ರಿ."

ಹೊಳೆ ದಾಟಿ ಮಾಳಪ್ಪನನ್ನೂ ಕೇಳಿದೆ. ಅವನು ಬಹಳ ಮಾತಾಡುವವನಲ್ಲ. ತನಗೂ ಯಾವ ಹೆಜ್ಜೆ, ಯಾವ ಪೆಟ್ಟು ಎಂದು ಹೇಳಿಲ್ಲ, ಹತ್ತಕ್ಕೆ ಶುರು ಮಾಡಿ ಕಾಲು ತಾಸು ನಿಲ್ಲಿಸಬಾರದು ಎಂದಷ್ಟೇ ಹೇಳಿದ್ದಾರೆ ಎಂದ. ಹತ್ತಕ್ಕೇ ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ. ನಾನು ಹೊರಟಾಗ ದೋಣಿಯವರೆಗೆ ಬಂದು ನಿಂತಿದ್ದ.

ಉತ್ಸವದ ದಿನದ ಸಂಚಿಕೆಯ ಮೂರನೆಯ ಪುಟದಲ್ಲಿ ಎಂದಿನಂತೆ ಅಂಕಣ ಬಂತು. "ಬೆಳಿಗ್ಗೆ ಹತ್ತು ಗಂಟೆ. ಗೋಡೆಗಲ್ಲು. ದೋಣಿಗಳ ಮೇಲೆ ಗುಂಡು ಹಾರಿಸುವ ಆದೇಶ. ಆಡಿದವರು: ತಿಳಿದಿಲ್ಲ." ಅದರ ಪಕ್ಕದಲ್ಲಿ ಇನ್ನೊಂದು ಸುದ್ದಿ: "ಐಕ್ಯೋತ್ಸವದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ನಿಲ್ಲದೆ ಕಾಲು ತಾಸು ವಾದ್ಯ ನುಡಿಸಲಾಗುವುದು. ಯಾವ ಹಾಡು ಎಂಬುದನ್ನು ತಮಗೆ ತಿಳಿಸಿಲ್ಲವೆಂದು ಎರಡೂ ದಂಡೆಯ ವಾದ್ಯದವರು ಹೇಳಿದ್ದಾರೆ." ಎರಡರಲ್ಲೂ ನನ್ನ ಅಭಿಪ್ರಾಯದ ಪದ ಒಂದೂ ಇರಲಿಲ್ಲ. ಇದ್ದಿದ್ದರೆ ನಾನೇ ಹೊಡೆದುಹಾಕುತ್ತಿದ್ದೆ.

ಬೆಳಿಗ್ಗೆ ಬಂಡೆಯ ಬುಡ ತುಂಬಿತ್ತು. ಯುದ್ಧದ ನಂತರ ಅಷ್ಟು ಜನ ಕೆಳದಂಡೆಯವರನ್ನು ಈ ದಡದಲ್ಲಿ ನಾನು ನೋಡಿದ್ದು ಅದೇ ಮೊದಲು. ಅವರು ಒಂದು ಕಡೆ, ನಮ್ಮವರು ಒಂದು ಕಡೆ, ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ. ಬಹಳ ಜನರ ಕೈಯಲ್ಲಿ ಮೂರನೆಯ ಪುಟ ಮೇಲೆ ಬರುವಂತೆ ಮಡಚಿದ ಪತ್ರಿಕೆ ಇತ್ತು. ಬಾಳವ್ವ ಮುಂದಿನ ಸಾಲಿನ ಹತ್ತಿರ, ಇಬ್ಬರು ಮಕ್ಕಳನ್ನು ಎರಡು ಕಡೆ ನಿಲ್ಲಿಸಿಕೊಂಡು ನಿಂತಿದ್ದಳು. ಕೋರ್ಟಿನ ನ್ಯಾಯಾಧೀಶರೂ ಬಂದಿದ್ದರು. ಅಧ್ಯಕ್ಷರ ಆಮಂತ್ರಣ ಅವರಿಗೂ ಹೋಗಿತ್ತು.

ಭಾಷಣಗಳು ಮುಗಿದವು. ಹತ್ತಕ್ಕೆ ಇನ್ನೂ ಸ್ವಲ್ಪ ಇರುವಾಗ ಅಪ್ಪಾಸಾಹೇಬರು ವೇದಿಕೆಯಿಂದ ವಾದ್ಯದವರತ್ತ ಕೈ ಎತ್ತಿದರು. ದಸ್ತಗೀರಸಾಬರು ಕ್ಲಾರಿಯೊನೆಟ್ಟು ತುಟಿಗಿಟ್ಟರು, ಮತ್ತೆ ಕೆಳಗಿಳಿಸಿದರು. ಡೊಳ್ಳಿನವರೆಲ್ಲ ಮಾಳಪ್ಪನ ಕಡೆ ನೋಡಿದರು. ಮಾಳಪ್ಪ ದಸ್ತಗೀರಸಾಬರ ಕಡೆ ನೋಡಿದ.

"ಬಾರಸ್ರಿ," ಎಂದರು ಅಪ್ಪಾಸಾಹೇಬರು ಮೈಕಿನಲ್ಲಿ.

ದಸ್ತಗೀರಸಾಬರು ಒಂದು ಹೆಜ್ಜೆ ಮುಂದೆ ಬಂದು, ಬಹಳ ಮರ್ಯಾದೆಯಿಂದ ಕೇಳಿದರು. "ಧಣೇರ, ಯಾವ ಹಾಡ್ರಿ?"

ಜನರಲ್ಲಿ ಯಾರೋ ನಕ್ಕರು. ನಗು ಅಲ್ಲಿಗೇ ನಿಂತಿತು. ಅಪ್ಪಾಸಾಹೇಬರು ಯಾವುದಾದರೂ ಸರಿ ಎಂದರು. ಹಾಗೆ ಬರುವುದಿಲ್ಲ, ಹೆಸರು ಹೇಳಬೇಕು ಎಂದರು ದಸ್ತಗೀರಸಾಬರು. ಅಷ್ಟರಲ್ಲಿ ಮಾಳಪ್ಪ ಕೊರಳಿನಿಂದ ಡೊಳ್ಳಿನ ಹಗ್ಗ ತೆಗೆದು ಡೊಳ್ಳನ್ನು ನೆಲಕ್ಕಿಟ್ಟ. ಅವನ ಹಿಂದೆ ಒಂದೊಂದಾಗಿ ಎಲ್ಲ ಡೊಳ್ಳುಗಳೂ ನೆಲಕ್ಕಿಳಿದವು. ಅಳುತ್ತಿದ್ದ ಕೂಸೊಂದಕ್ಕೆ ತಾಯಿ ಮೊಲೆ ಕೊಟ್ಟಳು. ಅಷ್ಟು ಜನರಿದ್ದ ಜಾಗದಲ್ಲಿ ಹೊಳೆಯ ನೀರು ಕಲ್ಲಿಗೆ ತಾಗುವುದು ಕೇಳುತ್ತಿತ್ತು.

ಆಗ ಅಪ್ಪಾಸಾಹೇಬರು ಎರಡನೆಯ ತಪ್ಪು ಮಾಡಿದರು. ವಾದ್ಯ ಇಲ್ಲದಿದ್ದರೆ ತಮ್ಮ ಗಂಟಲಿದೆ ಎಂದುಕೊಂಡರೋ ಏನೋ, ಮೈಕು ಹತ್ತಿರಕ್ಕೆ ಎಳೆದುಕೊಂಡು ಗಟ್ಟಿಯಾಗಿ ಭಾಷಣ ಶುರು ಮಾಡಿದರು. "ಬಂಧುಗಳೇ, ಎರಡೂ ದಂಡೆಯ ನನ್ನ ಬಂಧುಗಳೇ..."

ಬಂಡೆ ಮೊದಲು ಬೇರೊಂದು ದನಿಯನ್ನು ಕೊಟ್ಟಿತು. "ಬ್ಯಾಡ್ರಿ ಧಣೇರ. ಬಿಳಿ ಬಟ್ಟಿ ಐತ್ರಿ. ಹೆಣ್ಮಕ್ಕಳ ಅದಾರ್ರಿ, ಬ್ಯಾಡ್ರಿ." ಬಾಳವ್ವ ಎರಡೂ ಮಕ್ಕಳ ಹೆಗಲ ಮೇಲೆ ಕೈ ಇಟ್ಟಳು. ಅದು ಯಾರ ದನಿ ಎಂದು ಅವಳು ಯಾರಿಗೂ ಹೇಳಬೇಕಾಗಲಿಲ್ಲ, ದೊಡ್ಡ ಮಗನೇ ಅಪ್ಪ ಎಂದ.

ಅದರ ಹಿಂದೆಯೇ ಆ ಇನ್ನೊಂದು ದನಿ ಬಂತು. "ಬಟ್ಟಿ ನೋಡಬ್ಯಾಡ್ರಿ. ಹೊಡೀರಿ ಅಂದ್ರ ಹೊಡೀರಿ."

ಮೈಕಿನಲ್ಲಿ "ಶಾಂತಿಗಾಗಿ ನಾನು" ಎನ್ನುತ್ತಿದ್ದ ದನಿಯೂ ಬಂಡೆಯಿಂದ ಬಂದ ದನಿಯೂ ಒಂದೇ ಆಗಿತ್ತು. ಗಂಟಲು ಅದೇ, ಮಾತಿನ ಕೊನೆಯನ್ನು ಎತ್ತಿ ಹೇಳುವ ರೀತಿಯೂ ಅದೇ. ಬೇರೆ ಬೇರೆ ದಿನ ಕೇಳಿದ್ದರೆ ಜನ ಅದು ಅವರದು, ಅಲ್ಲ ಎಂದು ವರ್ಷಗಟ್ಟಲೆ ವಾದಿಸುತ್ತಿದ್ದರು. ಒಂದೇ ಉಸಿರಿನಲ್ಲಿ ಅಕ್ಕಪಕ್ಕ ಕೇಳಿದ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ. ಅಪ್ಪಾಸಾಹೇಬರು ಅರ್ಧದಲ್ಲಿ ನಿಂತರು. ಬಂಡೆ ನಿಲ್ಲಲಿಲ್ಲ. ಗುಂಡುಗಳು ಬಂದವು. ಆಮೇಲೆ ನೀರಿನಿಂದ ಕೂಗುಗಳು ಬಂದವು. ಅವನ್ನು ನಾನು ವರದಿಯಲ್ಲಿ ಬರೆದಿಲ್ಲ, ಇಲ್ಲೂ ಬರೆಯುವುದಿಲ್ಲ.

ಎಲ್ಲ ಮುಗಿದ ಮೇಲೆ ನನಗೆ ಅವರ ಮೊದಲ ಪತ್ರ ನೆನಪಾಯಿತು. ಕೆಳದಂಡೆಯ ಗಂಡಸರು ಸಾವಿರ ಜನ, ವೇದಿಕೆ ಕಲ್ಲೆಸೆದರೆ ತಾಗುವಷ್ಟು ಹತ್ತಿರ. ಅಪ್ಪಾಸಾಹೇಬರ ಸುತ್ತ ನಿಂತಿದ್ದ ಪೊಲೀಸರು ಬೆರಳೆಣಿಕೆಯಷ್ಟು. ನೂರು ಜೀವ ಎಂದು ಅವರು ಹೇಳಿದ್ದು ಆ ಗಳಿಗೆಯಲ್ಲಿ ನಿಜವಾಗಬಹುದಿತ್ತು. ಮಾಳಪ್ಪ ಮುಂದೆ ನಡೆದ. ಜನ ದಾರಿ ಬಿಟ್ಟರು. ಅವನು ವೇದಿಕೆಯ ಹತ್ತಿರ ಹೋಗಲಿಲ್ಲ, ನಡುವಿನ ಖಾಲಿ ಜಾಗ ದಾಟಿ ಬಾಳವ್ವನ ಎದುರು ನಿಂತ.

"ಬ್ಯಾಡ ಅಂದಾಂವ ಒಬ್ಬಾಂವ ಇದ್ದ," ಎಂದ. "ನಮಗ ಗೊತ್ತಿರಲಿಲ್ಲವ್ವ. ಮೂರ ವರ್ಷ ನಮ್ಮ ಮಂದಿ ಅವನ ಹೆಸರ ಹೇಳಿ ಉಗುಳೇವಿ. ತಪ್ಪಾತು."

ಬಾಳವ್ವ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಮಾಳಪ್ಪ ತನ್ನ ಕಡೆಯವರತ್ತ ತಿರುಗಿ, ಕೇಳಿದಿರಿ ತಾನೆ, ನ್ಯಾಯಾಧೀಶರ ಹತ್ತಿರ ಹೋಗಿ ಹೇಳಿರಿ, ವೇದಿಕೆಯ ತಂಟೆಗೆ ಯಾರೂ ಹೋಗಬೇಡಿ ಎಂದ. ಹಿರಿಯರು ಒಬ್ಬೊಬ್ಬರಾಗಿ ಹೋದರು. ನಮ್ಮ ಕಡೆಯವರೂ ಹೊರಟರು. ನ್ಯಾಯಾಧೀಶರ ಮುಂದೆ ಎರಡು ಸಾಲು ಎಂದು ಶುರುವಾದದ್ದು ತಳ್ಳಾಟದಲ್ಲಿ ಒಂದೇ ಸಾಲಾಯಿತು. ನನ್ನ ಮುಂದೆ ನಿಂತಿದ್ದ ಕೆಳದಂಡೆಯ ಮುದುಕಿ, "ನೀ ಪೇಪರಿನಾಕಿ ಅಲ್ಲೇನು? ಹೆಸರ ಹಾಕ್ತೀಯೋ ಇಲ್ಲೋ ಈಗ?" ಎಂದು ಗದರಿಸಿದಳು. ಹಾಕುತ್ತೇನೆ ಅಜ್ಜಿ ಎಂದೆ.

ಆ ಸಂಜೆ ಅಪ್ಪಾಸಾಹೇಬರ ಪತ್ರ ಬಂತು, ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ, ಪ್ರಕಟಣೆಗಾಗಿ. "ಯುದ್ಧದ ಸಂದರ್ಭದಲ್ಲಿ ದುರದೃಷ್ಟವಶಾತ್ ಕೆಲವರು ಪ್ರಾಣ ಕಳೆದುಕೊಂಡ ಘಟನೆಗೆ ಸಂಬಂಧಿಸಿ" ಎಂದು ಶುರುವಾಗಿತ್ತು. ಅದನ್ನು ಹಿಂದಕ್ಕೆ ಕಳಿಸಿದೆ. ಜೊತೆಗೆ ಬರೆದೆ: "ಪತ್ರ ಪ್ರಕಟಿಸಲು ಅಭ್ಯಂತರವಿಲ್ಲ. 'ಕೆಲವರು' ಎಂಬಲ್ಲಿ ಸಂಖ್ಯೆ ಬೇಕು. 'ಪ್ರಾಣ ಕಳೆದುಕೊಂಡ' ಎಂಬಲ್ಲಿ ಯಾರು ತೆಗೆದರೆಂಬುದು ಬೇಕು. ದುರದೃಷ್ಟದ ಪಾತ್ರ ಏನೆಂದು ತಿಳಿಯಲಿಲ್ಲ. ಪುಟ ಕಟ್ಟುವವರೆಗೆ ಕಾಯುತ್ತೇನೆ."

ಪುಟ ಕಟ್ಟುವ ಮೊದಲೇ ಎರಡನೆಯ ಪತ್ರ ಬಂತು. ಅದರಲ್ಲಿ "ತಂಗೀ" ಎಂಬ ಮಾತಿರಲಿಲ್ಲ, ನನ್ನ ತಂದೆಯ ಪ್ರಸ್ತಾಪವೂ ಇರಲಿಲ್ಲ. "ಬಿಳಿ ಬಟ್ಟೆ ಕಟ್ಟಿಕೊಂಡು ಬಂದ ಹನ್ನೊಂದು ಜನರನ್ನು ನಾನು ಕೊಲ್ಲಿಸಿದೆ. ಹವಾಲ್ದಾರ ಲಗಮಣ್ಣ ಬೇಡವೆಂದ. ಅವನ ತಲೆಗೆ ಅದನ್ನು ಕಟ್ಟಿದವನೂ ನಾನೇ. ವಿಚಾರಣೆಗೆ ನಾಳೆ ನಾನೇ ಬರುತ್ತೇನೆ." ಒಳ್ಳೆಯ ವಾಕ್ಯಗಳು. ಒಂದು ಪದವನ್ನೂ ತಿದ್ದದೆ ಮೊದಲ ಪುಟದಲ್ಲಿ ಹಾಕಿದೆ. ನಾನು ಕೆಲಸ ಮಾಡಿದ ಅಷ್ಟೂ ವರ್ಷಗಳಲ್ಲಿ ಅದಕ್ಕಿಂತ ಚೊಕ್ಕವಾದ ಪತ್ರ ಯಾವ ರಾಜಕಾರಣಿಯಿಂದಲೂ ಬಂದಿಲ್ಲ.

ಗಲ್ಲಿಗೆಂದು ಗೊತ್ತಾಗಿದ್ದ ದಿನವೇ ಲಗಮಣ್ಣನನ್ನು ಬಿಟ್ಟರು. ಜೈಲಿನ ಬಾಗಿಲಿಗೆ ಎರಡೂ ದಂಡೆಯವರು ಹೂವಿನ ಹಾರ ಹಿಡಿದು ಬಂದಿದ್ದರು, ಮೊದಲು ಯಾರು ಹಾಕಬೇಕೆಂದು ಅಲ್ಲೇ ಸಣ್ಣ ತಕರಾರೂ ಆಯಿತು. ಅವನು ಹೊರಗೆ ಬಂದ. ತೀರ್ಪಿನ ದಿನ ನಮ್ಮ ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಇದ್ದುದಕ್ಕಿಂತ ಬಹಳ ಇಳಿದಿದ್ದ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ. ಜನ ಅವನನ್ನು ಹೆಗಲ ಮೇಲೆ ಎತ್ತಿ ಹೊಳೆಯ ದಾರಿಯಲ್ಲಿ ಒಯ್ದರು. ಕಿರಿಯ ಮಗನನ್ನು ಮಾಳಪ್ಪ ಎತ್ತಿಕೊಂಡಿದ್ದ. ಗೋಡೆಗಲ್ಲಿನ ಹತ್ತಿರ ಬಂದಾಗ ಇಳಿಸಿ, ಏನಾದರೂ ಮಾತಾಡು, ಊರಿಗೆ ಊರೇ ಕೇಳಲು ಬಂದಿದೆ ಎಂದರು. ನಾನೂ ಬರೆದುಕೊಳ್ಳಲು ಪೆನ್ನು ತೆಗೆದೆ.

ಲಗಮಣ್ಣ ಬಂಡೆಯನ್ನು ಒಮ್ಮೆ ನೋಡಿದ. ದನಿ ಎತ್ತಲಿಲ್ಲ.

"ನಾ ಹೇಳೂದು ಆವತ್ತ ಹೇಳೀನ್ರಿ," ಎಂದ. "ನೀವು ಕೇಳೀರಲ್ಲ."

ಮೊದಲು ದಸ್ತಗೀರಸಾಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಅದು ನಿಲ್ಲುವ ಲಕ್ಷಣ ಕಾಣದಿದ್ದಾಗ ಅವನು ಹಾರಗಳನ್ನು ತೆಗೆದು ದೊಡ್ಡ ಮಗನ ಕೈಗೆ ಕೊಟ್ಟ. ಬಾಳವ್ವನ ಕಡೆ ತಿರುಗಿ, ಮನೆಯಲ್ಲಿ ಏನಾದರೂ ಉಣ್ಣಲು ಮಾಡಿದ್ದೀಯೋ ಇಲ್ಲವೋ ಎಂದು ಕೇಳಿದ. ರೊಟ್ಟಿ ಬಡಿದು ಬಂದಿದ್ದೇನೆ, ಪಲ್ಯ ಮಾತ್ರ ಆಗಬೇಕು ಎಂದಳು ಅವಳು. ಅವರು ನಾಲ್ಕೂ ಜನ ಮನೆಯ ಕಡೆ ನಡೆದರು. ಅವರ ಹಿಂದೆ ಊರು ನಡೆಯಿತು, ಯಾವ ದಂಡೆಯವರು ಯಾರು ಎಂದು ಹಿಂದಿನಿಂದ ನೋಡಿದರೆ ಹೇಳಲಾಗುತ್ತಿರಲಿಲ್ಲ.